ಕಿವಿ ಕಳೆದುಕೊಂಡ ಪಾಠ

ನಾಟಕದ ಪಾಠ ನಡೆಯುವ ತರಗತಿಯನ್ನು ಮೊದಲೆಲ್ಲ ವರಾಂಡದಲ್ಲಿ ನಿಂತೇ ಗುರುತಿಸಬಹುದಿತ್ತು. ನಾಲ್ಕೈದು ದನಿ ಒಂದರ ಮೇಲೊಂದು ಬೀಳುತ್ತಿದ್ದವು. ಯಾರೋ ತಡವರಿಸಿದರೆ ಉಳಿದವರು ನಗುತ್ತಿದ್ದರು. "ಏ, ನೀನು ರಾಜನಪ್ಪ, ರೇಶನ್ ಅಂಗಡಿ ಕ್ಯೂನಲ್ಲಿ ನಿಂತವನ ಹಾಗೆ ಓದಬೇಡ" ಎಂದು ಮಾಸ್ತರರು ಗದರುತ್ತಿದ್ದರು. ಈಗ ಕೇಳುವುದು ಒಂದೇ ದನಿ, ಅದೂ ಟೀಚರದು: "ಇಲ್ಲಿ ಲೇಖಕರು ಏನು ಹೇಳ್ತಾರೆ ಅಂದ್ರೆ..." ನಾಟಕದಲ್ಲಿ ಲೇಖಕರು ಬಾಯಿ ಬಿಡುವುದೇ ಇಲ್ಲ. ಮಾತಾಡುವುದು ಪಾತ್ರಗಳು, ಅದೂ ಒಬ್ಬರ ಮಾತನ್ನು ಇನ್ನೊಬ್ಬರು ಅಲ್ಲಗಳೆಯುತ್ತ. "ಲೇಖಕರು ಹೇಳ್ತಾರೆ" ಎಂದ ಕೂಡಲೇ ಏಕಲವ್ಯನೂ ದ್ರೋಣನೂ ಸೇರಿ ಒಂದೇ ಪ್ಯಾರಾ ಆಗಿಬಿಡುತ್ತಾರೆ.

ಮುಂಬೈಯ ಕನ್ನಡ ಶಾಲೆಗಳಲ್ಲಿ ಹಳೆಯ ನಾಟಕಗಳ ಪಾಠ ಸೊರಗಿದ್ದಕ್ಕೆ ಎಲ್ಲರೂ ಕೊಡುವ ಕಾರಣ ಒಂದೇ: ಶಾಲೆಗಳೇ ಮುಚ್ಚುತ್ತಿರುವಾಗ ನಾಟಕದ ಮಾತೆಲ್ಲಿ ಬಂತು? ಇದು ಅರ್ಧ ನಿಜ. ಮುಂಬೈಯ ಕೋಟೆ (ಫೋರ್ಟ್) ಭಾಗದ ರಾತ್ರಿ ಶಾಲೆಗಳಲ್ಲಿ ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದ, ಕ್ಯಾಂಟೀನಿನಲ್ಲಿ ಚಹಾ ಹಂಚಿದ ಹುಡುಗರು ಸಂಜೆ ಪುಸ್ತಕ ಹಿಡಿಯುತ್ತಿದ್ದ ಕಾಲ ಹೋಯಿತು. ಉಡುಪಿ, ಕುಂದಾಪುರದ ಕಡೆಯಿಂದ ಹಾಗೆ ಬರುವ ಹುಡುಗರೂ ನಿಂತರು. ಇಲ್ಲಿ ಹುಟ್ಟಿದ ಮಕ್ಕಳನ್ನು ತಂದೆತಾಯಿ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರು. ಇದನ್ನು ಯಾರೂ ತಪ್ಪೆನ್ನಲಾಗದು. ಆದರೆ ಉಳಿದಿರುವ ಶಾಲೆಗಳಲ್ಲಿ, ಮೂವತ್ತು ಮಕ್ಕಳು ಬೆಂಚಿನ ಮೇಲೆ ಕೂತಿರುವ ಕಡೆ, ಕನ್ನಡ ಪುಸ್ತಕದಲ್ಲಿ ನಾಟಕದ ಪಾಠ ಇದ್ದೂ ಯಾಕೆ ಅದು ಕೇಳಿಸುವುದಿಲ್ಲ? ಉಳಿದರ್ಧ ಕಾರಣ ಇರುವುದು ಇಲ್ಲಿ. ನಾಟಕದ ಪಾಠಕ್ಕೆ ಬೇಕಾದ ಕಿವಿಯ ಕೆಲಸವನ್ನು ಶಾಲೆ ಯಾವತ್ತೋ ಕೈಬಿಟ್ಟಿದೆ.

ಮೊದಲು ಪರೀಕ್ಷೆಯ ಮಾತು ಮುಗಿಸಿಬಿಡೋಣ. ಮಹಾರಾಷ್ಟ್ರದ ಕನ್ನಡ ಮಾಧ್ಯಮದ ಪುಸ್ತಕಗಳು ಬರುವುದು ಪುಣೆಯ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯಿಂದ. ಹತ್ತನೆಯ ತರಗತಿಯ ಭಾಷಾ ವಿಷಯಕ್ಕೆ 80 ಅಂಕ ಬರವಣಿಗೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ. ಬರವಣಿಗೆಯದು ಕೃತಿಪತ್ರಿಕೆ: ಪಾಠದ ಒಂದು ತುಂಡನ್ನು ಅಚ್ಚು ಹಾಕಿ, ಕೆಳಗೆ ಚೌಕ, ವೃತ್ತ, ಬಾಣದ ಗುರುತುಗಳನ್ನು ತುಂಬಿಸು ಎನ್ನುತ್ತಾರೆ. ಕಥೆಗೋ ಪ್ರಬಂಧಕ್ಕೋ ಇದು ಹೊಂದುತ್ತದೆ. ನಾಟಕದ ತುಂಡಿನಿಂದ ಚೌಕ ತುಂಬುವುದೆಂದರೆ "ಏಕಲವ್ಯನ ಗುಣಗಳು" ಎಂದು ನಡುವೆ ಬರೆದು ನಾಲ್ಕು ಬಾಣ ಬಿಡುವುದು. ಗುರುಭಕ್ತಿ, ಛಲ, ತ್ಯಾಗ, ವಿನಯ. ಹುಡುಗ ನಾಟಕವನ್ನು ಓದದೆಯೂ ಇದನ್ನು ಬರೆಯಬಲ್ಲ. ಹಳೆಯ "ಯಾರು ಯಾರಿಗೆ ಯಾವಾಗ ಹೇಳಿದರು" ಎಂಬ ಪ್ರಶ್ನೆಯನ್ನು ನಾವೆಲ್ಲ ಲೇವಡಿ ಮಾಡಿದವರೇ. ಆದರೂ ಅದಕ್ಕೆ ಉತ್ತರ ಬರೆಯಲು ಈ ಮಾತು ಯಾರ ಬಾಯಿಂದ, ಯಾರ ಮುಖ ನೋಡಿ ಬಂತು ಎಂದು ನೆನಪಿಡಲೇಬೇಕಿತ್ತು. ನಾಟಕದ ಮಟ್ಟಿಗೆ ಅದು ಒಳ್ಳೆಯ ಪ್ರಶ್ನೆಯೇ ಆಗಿತ್ತು.

ಆ 20 ಅಂಕ ಮಾತ್ರ ಶಿಕ್ಷಕರ ಕೈಯಲ್ಲಿದೆ. 2019ರ ಪರೀಕ್ಷೆಯಲ್ಲಿ ಅದನ್ನು ಕಿತ್ತುಹಾಕಿದ್ದರು, ಫಲಿತಾಂಶ ಕುಸಿಯಿತು, ಮರುವರ್ಷ ಮರಳಿ ತಂದರು. ಹೆಚ್ಚಿನ ಕಡೆ ಇದನ್ನು ಕೊಡುವುದು ಒಂದು ಪದ್ಯ ಒಪ್ಪಿಸಿದ್ದಕ್ಕೆ, ಎರಡು ನಿಮಿಷ "ನನ್ನ ಮೆಚ್ಚಿನ ಹಬ್ಬ" ಮಾತಾಡಿದ್ದಕ್ಕೆ. ಅದೇ ಜಾಗದಲ್ಲಿ ನಾಟಕದ ವಾಚನ ಕೂರುತ್ತದೆ. ಈ ಬರಹದ ಉಳಿದದ್ದೆಲ್ಲ ಆ ಜಾಗವನ್ನು ಹೇಗೆ ಬಳಸಬಹುದೆಂಬುದರ ಕುರಿತೇ ಇದೆ.

ಅದಕ್ಕೂ ಮುಂಚೆ ಗ್ಯಾದರಿಂಗ್ ಬಗ್ಗೆ ಒಂದು ಮಾತು. ವಾರ್ಷಿಕೋತ್ಸವಕ್ಕೆ ಇಲ್ಲಿಯ ಶಾಲೆಗಳಲ್ಲಿ ಇರುವ ಹೆಸರು ಇದೇ, ಆಮಂತ್ರಣ ಪತ್ರಿಕೆಯಲ್ಲಿ ಮಾತ್ರ "ಸ್ನೇಹ ಸಮ್ಮೇಳನ". ನಾಟಕ ಅಲ್ಲಿಂದ ಹೇಗೆ ಹೊರಬಿತ್ತು ಎಂಬುದು ಬರಿಯ ಗಣಿತ. ಹಾಲ್ ಸಿಗುವುದು ಮೂರು ಗಂಟೆಗೆ. ಸ್ವಾಗತ, ವರದಿ, ಅತಿಥಿಗಳ ಭಾಷಣ, ಬಹುಮಾನ ಎಂದು ಒಂದು ಗಂಟೆ ಹೋಯಿತು. ಉಳಿದ 120 ನಿಮಿಷದಲ್ಲಿ 40 ನಿಮಿಷದ ನಾಟಕ ಇಟ್ಟರೆ ಎಂಟು ಮಕ್ಕಳು ವೇದಿಕೆ ಹತ್ತುತ್ತಾರೆ. ಅದೇ 40 ನಿಮಿಷದಲ್ಲಿ ಐದೈದು ನಿಮಿಷದ ಎಂಟು ಡಾನ್ಸ್ ಇಟ್ಟರೆ, ತಲಾ ಹದಿನೈದು ಮಕ್ಕಳ ಲೆಕ್ಕದಲ್ಲಿ 120 ಮಕ್ಕಳು. ಪ್ರತಿ ಮಗುವಿನ ಹಿಂದೆ ಮೊಬೈಲ್ ಹಿಡಿದ ಇಬ್ಬರು. ಹೆಡ್‌ಮಾಸ್ತರರು ಯಾವುದನ್ನು ಆರಿಸುತ್ತಾರೆ ಎಂದು ಬೇರೆ ಹೇಳಬೇಕಿಲ್ಲ. ಅವರನ್ನು ಬೈದು ಪ್ರಯೋಜನವೂ ಇಲ್ಲ. ನಾಟಕವನ್ನು ಗ್ಯಾದರಿಂಗಿಗೆ ಒತ್ತಾಯ ಮಾಡುವ ಬದಲು ತರಗತಿಗೆ ವಾಪಸು ತರುವುದೇ ಸುಲಭ.

ಈಗ ನಾಟಕದ ಆಯ್ಕೆ. ಪಠ್ಯದಲ್ಲಿ ಬರುವುದು ತುಣುಕು, ಹೆಚ್ಚೆಂದರೆ ನಾಲ್ಕೈದು ಪುಟ. ತುಣುಕಿನ ತೊಂದರೆ ಗಾತ್ರದ್ದಲ್ಲ. ಸಂಪಾದಕರು ಆರಿಸುವುದು ನೀತಿ ಎದ್ದು ಕಾಣುವ ಭಾಗವನ್ನು, ಅಂದರೆ ಕೊನೆಯ ಭಾಗವನ್ನು. ಅಲ್ಲಿಗೆ ತಲುಪುವ ಮೊದಲು ಪಾತ್ರಗಳು ಏನೇನು ಬಚ್ಚಿಟ್ಟವು, ಯಾವ ಸುಳ್ಳು ಹೇಳಿದವು ಎಂಬುದು ಬಿಟ್ಟುಹೋಗಿರುತ್ತದೆ. ಆದ್ದರಿಂದ ಮೊದಲ ನಿಯಮ: ಪಠ್ಯದಲ್ಲಿ ನಾಲ್ಕೇ ಪುಟ ಇದ್ದರೂ ಇಡೀ ನಾಟಕವನ್ನು ಒಮ್ಮೆ ಕೇಳಿಸಿ. ಸಮಯವಿಲ್ಲ ಎನ್ನುವವರಿಗೆ ಲೆಕ್ಕ ಹೀಗೆ. ಸಣ್ಣ ಅಳತೆಯ ಪುಸ್ತಕದ ಒಂದು ಪುಟ ಸಂಭಾಷಣೆಯನ್ನು ಜೋರಾಗಿ ಓದಲು ಸುಮಾರು ಒಂದೂವರೆ ನಿಮಿಷ ಬೇಕು. ನಲವತ್ತು ಪುಟಕ್ಕೆ ಒಂದು ಗಂಟೆ. 35 ನಿಮಿಷದ ಪೀರಿಯಡ್‌ನಲ್ಲಿ ಹಾಜರಿ ತೆಗೆದು ಉಳಿಯುವುದು 30, ಅಂದರೆ ಎರಡೇ ಪೀರಿಯಡ್. ಆ ಎರಡರಲ್ಲಿ ಒಂದೇ ಒಂದು ಪದದ ಅರ್ಥವನ್ನೂ ಹೇಳಬಾರದು. ಇದು ಅತಿ ಕಷ್ಟದ ನಿಯಮ, ಮುರಿಯುವವರು ಮಕ್ಕಳಲ್ಲ, ಶಿಕ್ಷಕರು. ಮೂರನೆಯ ಸಾಲಿಗೇ ನಿಂತು "ಅಂದರೆ" ಎಂದುಬಿಡುತ್ತೇವೆ. ಒಂದು "ಅಂದರೆ"ಗೆ ಎರಡು ನಿಮಿಷ. ಹತ್ತು ಸಲ ಅಂದರೆ ಒಂದು ಪೀರಿಯಡ್ಡಿನ ಮೂವತ್ತು ನಿಮಿಷದಲ್ಲಿ ಇಪ್ಪತ್ತು ಹೋಯಿತು.

ಯಾವ ತರಗತಿಗೆ ಯಾವುದು ಎಂಬುದರಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಹಟದ್ದು. ಐದು-ಆರಕ್ಕೆ ಕುವೆಂಪು ಅವರ ಮಕ್ಕಳ ನಾಟಕ "ಮೋಡಣ್ಣನ ತಮ್ಮ" ಸಾಕು. ಏಳು-ಎಂಟಕ್ಕೆ ಅವರದೇ "ಜಲಗಾರ". 1928ರದು, ಪುಟ್ಟದು, ಜಲಗಾರನೆಂದರೆ ಕಸ ಗುಡಿಸುವವನು, ಶಿವನೇ ಜಗದ ಜಲಗಾರನಾಗಿ ಬರುತ್ತಾನೆ. ಬೆಳಿಗ್ಗೆ ಆರಕ್ಕೆ ಪೊರಕೆಯ ಸದ್ದು ಕೇಳುತ್ತ ಏಳುವ ಮುಂಬೈ ಮಕ್ಕಳಿಗೆ ಪೀಠಿಕೆ ಬೇಕಿಲ್ಲ. ಒಂಬತ್ತಕ್ಕೆ ಏಕಲವ್ಯನ ಕಥೆಯ ಅವರದೇ "ಬೆರಳ್‍ಗೆ ಕೊರಳ್" ಅಥವಾ ಟಿ.ಪಿ. ಕೈಲಾಸಂ ಅವರ "ಟೊಳ್ಳುಗಟ್ಟಿ". ಹತ್ತನೆಯ ತರಗತಿಗೆ ಹೊಸದೇನೂ ಬೇಡ. ಆ ವರ್ಷ ಯಾವ ನಾಟಕ ಕೊಟ್ಟರೂ ಅದು ಪ್ರಶ್ನೋತ್ತರವೇ ಆಗುತ್ತದೆ. ಒಂಬತ್ತರಲ್ಲಿ ಓದಿದ್ದನ್ನೇ ಆ 20 ಅಂಕಕ್ಕೆ ತಿರುಗಿ ಓದಿಸಿದರೆ ಸಾಕು. ಹನ್ನೊಂದು-ಹನ್ನೆರಡರಲ್ಲಿ ಕನ್ನಡ ಉಳಿಸಿಕೊಂಡವರಿಗೆ ಗಿರೀಶ್ ಕಾರ್ನಾಡರ "ತುಘಲಕ್". ಬಿ.ಎಂ.ಶ್ರೀ ಅವರ "ಅಶ್ವತ್ಥಾಮನ್" ದೊಡ್ಡ ಕೃತಿಯೇ. 1929ರಲ್ಲೇ ಗ್ರೀಕ್ ನಾಟಕಕಾರ ಸೋಫೋಕ್ಲಿಸನ ಅಜಾಕ್ಸನನ್ನು ಕುರುಕ್ಷೇತ್ರಕ್ಕೆ ತಂದು ನಿಲ್ಲಿಸಿದ ಧೈರ್ಯ ಸಣ್ಣದಲ್ಲ. ಆದರೆ ಅದರ ಭಾಷೆ ಹಳಗನ್ನಡಕ್ಕೆ ಹತ್ತಿರ, ಶಾಲೆಗೆ ಬೇಡ, ಕಾಲೇಜಿಗಿರಲಿ. ಐತಿಹಾಸಿಕ ನಾಟಕಗಳನ್ನು ಬರೆದ ಸಂಸರ ಕೃತಿಗಳಿಗೂ ಅದೇ ಮಾತು.

"ಬೆರಳ್‍ಗೆ ಕೊರಳ್" ಪ್ರಕಟವಾದದ್ದು 1947ರಲ್ಲಿ. ಮೂರು ದೃಶ್ಯ: ಗುರು, ಕರ್ಮ, ಯಜ್ಞ. ಬೆರಳಿಗೆ ಪ್ರತಿಯಾಗಿ ಕೊರಳು ಎಂಬುದು ಹೆಸರಲ್ಲೇ ಇದೆ. ಇದನ್ನು ಶಾಲೆಯಲ್ಲಿ ಓದಿಸಲು ಹೆದರುವುದು ಅದರ ಛಂದಸ್ಸಾದ ಸರಳ ರಗಳೆಗೆ. ಹೆಸರು ಸರಳ ಎಂದಿದ್ದರೂ ಪುಟದ ಮೇಲೆ ಅದು ಪದ್ಯದ ಹಾಗೆ ಕಾಣುತ್ತದೆ, ಮಕ್ಕಳು ಕಂಡ ಕೂಡಲೇ ರಾಗ ಎಳೆಯಲು ಶುರುಮಾಡುತ್ತಾರೆ. ಪ್ರತಿ ಸಾಲಿನ ಕೊನೆಗೆ ದನಿ ಇಳಿಸಿ ನಿಲ್ಲುತ್ತಾರೆ. ಮಾತು ಸಾಲಿನ ನಡುವೆ ಮುಗಿದಿದ್ದರೂ ಅಷ್ಟೆ, ಮುಂದಿನ ಸಾಲಿಗೆ ಹರಿದಿದ್ದರೂ ಅಷ್ಟೆ. ಹೀಗೆ ಓದಿದರೆ ದ್ರೋಣನೇ ಅಭಿನಯಿಸಿದರೂ ಅರ್ಥವಾಗದು.

ಇದನ್ನು ಬಿಡಿಸುವ ದಾರಿ ಕೈಯಲ್ಲೇ ಇದೆ. ಸರಳ ರಗಳೆ ಹುಟ್ಟಿದ್ದು ಲಲಿತ ರಗಳೆಯಿಂದ. ಸಾಲಿಗೆ ಐದು ಮಾತ್ರೆಯ ನಾಲ್ಕು ಗಣ, ಒಟ್ಟು 20 ಮಾತ್ರೆ (ಮೊಟಕು ಅಕ್ಷರ ಲಘು, ಅದಕ್ಕೆ ಒಂದು ಮಾತ್ರೆ; ಎಳೆದದ್ದೋ ಒತ್ತಕ್ಷರದ ಹಿಂದಿನದೋ ಗುರು, ಅದಕ್ಕೆ ಎರಡು). ಪ್ರಾಸ ಬಿಟ್ಟು, ಅರ್ಥ ಸಾಲು ದಾಟಿ ಹರಿಯಲು ಬಿಟ್ಟರೆ ಅದೇ ಸರಳ ರಗಳೆ. ನಾಟಕದ ಸಾಲನ್ನು ಮೊದಲು ಮುಟ್ಟಬೇಡಿ. ಮಕ್ಕಳ ದಿನದ ಮಾತಿನಿಂದ ಎರಡು ಸಾಲು ಕಟ್ಟಿ ಬೋರ್ಡಿನ ಮೇಲೆ ಬರೆಯಿರಿ, ಇಂಥವು:

ಮಳೆಯೊಳಗೆ ದಾದರಿನ ಸೇತುವೆಯ ಹತ್ತಿದೆವು,
ಗಾಡಿ ಬರಲಿಲ್ಲ, ಜನ ನೂಕಿದರು ಹಿಂದಿಂದ.

ಈಗ ಎಣಿಸುವುದು. ಪ್ರತಿ ಗಣದ ಮೊದಲ ಮಾತ್ರೆಗೆ ಒಂದು ಚಪ್ಪಾಳೆ, ಉಳಿದ ನಾಲ್ಕಕ್ಕೆ ಕಿರುಬೆರಳಿನಿಂದ ತೋರುಬೆರಳಿನ ತನಕ ಒಂದೊಂದಾಗಿ ಮಡಿಸುವುದು. ಹೆಬ್ಬೆರಳಿಗೆ ಈ ಲೆಕ್ಕದಲ್ಲಿ ಕೆಲಸವಿಲ್ಲ. ಏಕಲವ್ಯನ ನಾಟಕಕ್ಕೆ ತಕ್ಕದ್ದೇ. ಮೊದಲ ಸಾಲು ಸಲೀಸು: ಮಳೆಯೊಳಗೆ, ದಾದರಿನ, ಸೇತುವೆಯ, ಹತ್ತಿದೆವು, ಪದವೂ ಗಣವೂ ಒಟ್ಟಿಗೆ ಮುಗಿಯುತ್ತವೆ. ಎರಡನೆಯ ಸಾಲಿನಲ್ಲಿ ಮಕ್ಕಳು ಎಡವಬೇಕು, ಎಡವಲೆಂದೇ ಅದನ್ನು ಹಾಗೆ ಕಟ್ಟಿರುವುದು. ಗಾಡಿಬರ, ಲಿಲ್ಲಜನ ಎಂದು ಗಣ ಒಡೆಯುತ್ತದೆ. ಮಾತು ನಿಲ್ಲುವುದು "ಬರಲಿಲ್ಲ" ಎಂಬಲ್ಲಿ, ಎರಡನೆಯ ಗಣದ ನಡುವೆ. ಚಪ್ಪಾಳೆ ಒಂದು ಕಡೆ, ಉಸಿರು ಇನ್ನೊಂದು ಕಡೆ. ಈ ಎರಡರ ಜಗ್ಗಾಟ ಕಿವಿಗೆ ಬಿದ್ದ ದಿನ ಮಗುವಿಗೆ ಸರಳ ರಗಳೆ ಬಂತು ಎಂದೇ ಲೆಕ್ಕ. ಛಂದಸ್ಸಿನ ಲಕ್ಷಣವನ್ನು ಬಾಯಿಪಾಠ ಮಾಡಿಸುವ ಅಗತ್ಯ ಬೀಳುವುದಿಲ್ಲ.

ಒಂದು ಪೀರಿಯಡ್ ಚಪ್ಪಾಳೆ, ಮರುದಿನ ಚಪ್ಪಾಳೆ ಬಂದ್. ಈಗ ಪೆನ್ಸಿಲ್ ಹಿಡಿದು ಉಸಿರು ತೆಗೆದುಕೊಳ್ಳುವ ಕಡೆ ಒಂದು ಓರೆ ಗೆರೆ, ನಿಜವಾಗಿ ನಿಲ್ಲುವ ಕಡೆ ಎರಡು. ಸಾಲಿನ ಕೊನೆಯಲ್ಲಿ ವಿರಾಮ ಚಿಹ್ನೆ ಇಲ್ಲದಿದ್ದರೆ ಅಲ್ಲಿ ಗೆರೆ ಎಳೆಯಬಾರದು. ಮಾತು ಮುಂದಿನ ಸಾಲಿಗೆ ಓಡುತ್ತದೆ ಎಂದು ನೆನಪಿಸಲು ಸಣ್ಣದೊಂದು ಕೊಂಡಿ ಹಾಕಿದರೆ ಸಾಕು. ಎರಡು ದಿನ ಚಪ್ಪಾಳೆ ಮುಂದುವರಿಸಿದರೆ ಮಾತ್ರ ಕೆಡುತ್ತದೆ. ಮಕ್ಕಳಿಗೆ ತಾಳ ಹಿತವಾಗಿಬಿಡುತ್ತದೆ, ನಾಟಕ ಭಜನೆಯಾಗುತ್ತದೆ.

ಮುಂಬೈಯ ಮಕ್ಕಳ ಬಾಯಲ್ಲಿ ಈ 20 ಮಾತ್ರೆ ಕೆಡುವುದು ಎರಡು ನಿರ್ದಿಷ್ಟ ಜಾಗದಲ್ಲಿ. ಹಿಂದಿ, ಮರಾಠಿಯಲ್ಲಿ ಹ್ರಸ್ವ ಎ, ಒ ಬೇರೆಯಾಗಿ ಇಲ್ಲ. ಬೀದಿಯಲ್ಲಿ ದಿನವಿಡೀ ಹಿಂದಿ ಮಾತಾಡುವ ಮಗು "ಮಳೆಯೊಳಗೆ" ಎಂಬುದನ್ನು "ಮಳೇಯೋಳಗೆ" ಎಂದು ಎಳೆಯುತ್ತದೆ. ಐದಿದ್ದದ್ದು ಏಳಾಯಿತು. ಎರಡನೆಯದು ಕತ್ತರಿ. ಪದದ ಕೊನೆಯ ಅಕಾರವನ್ನು ಹಿಂದಿ-ಮರಾಠಿ ನುಂಗುತ್ತವೆ, ರಾಮ "ರಾಮ್" ಆಗುವ ಹಾಗೆ "ಹಿಂದಿಂದ" ಎಂಬುದು "ಹಿಂದಿಂದ್" ಆಗುತ್ತದೆ, ಐದು ನಾಲ್ಕಾಗುತ್ತದೆ. ಗಮನಿಸಿ, ಕೊನೆಯಿಂದ ಎರಡನೆಯ ಅಕ್ಷರ ಗುರುವಾಗಿದ್ದಾಗ ಮಾತ್ರ ಈ ನಷ್ಟ. "ದಾದರಿನ" ಎಂಬುದನ್ನು "ದಾದರಿನ್" ಎಂದರೂ ಮಾತ್ರೆ ಕಡಿಮೆಯಾಗುವುದಿಲ್ಲ, ರಿನ್ ಗುರುವಾಗಿ ಲೆಕ್ಕ ಸರಿಹೋಗುತ್ತದೆ. ಆದ್ದರಿಂದ ಎಲ್ಲ ಕಡೆಯೂ ತಿದ್ದುತ್ತ ಕೂರಬೇಕಿಲ್ಲ. ಬೆರಳು ಮಡಿಸುವಾಗ ಒಂದು ಬೆರಳು ಉಳಿದರೆ ಅಥವಾ ಸಾಲದೆ ಹೋದರೆ ಮಗುವೇ ಎಲ್ಲಿ ತಪ್ಪಿತೆಂದು ಹುಡುಕುತ್ತದೆ.

ಉಳಿದ ಉಚ್ಚಾರಗಳನ್ನು ಬಿಟ್ಟುಬಿಡಿ ಎಂಬುದು ನನ್ನ ಸಲಹೆ. ಮರಾಠಿಯ "ಜಾಗಾ", "ಜೋರ್" ಕೇಳಿ ಬೆಳೆದ ಮಗುವಿನ ಜಕಾರ ಹಲ್ಲಿಗೆ ತಾಗುತ್ತದೆ. ತುಳು ಮನೆಯ ಮಗು ಮಹಾಪ್ರಾಣವನ್ನು ಅಲ್ಪಪ್ರಾಣ ಮಾಡುತ್ತದೆ, ಧನು "ದನು" ಆಗುತ್ತದೆ. ಕಲಬುರಗಿ, ವಿಜಯಪುರದಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಗು ಮನೆಯನ್ನು "ಮನಿ" ಎನ್ನುತ್ತದೆ. ಇವುಗಳಿಂದ ಮಾತ್ರೆ ಕೆಡುವುದಿಲ್ಲ. ಇರುವ ಕೆಲವೇ ಪೀರಿಯಡ್‌ನಲ್ಲಿ ಎಲ್ಲವನ್ನೂ ತಿದ್ದಲು ಹೋದರೆ ಮಕ್ಕಳು ಬಾಯಿ ಮುಚ್ಚುತ್ತಾರೆ, ಅಲ್ಲಿಗೆ ನಾಟಕವೂ ಮುಗಿಯಿತು.

ಕೈಲಾಸಂ ಬಂದಾಗ ಇದೇ ವಿಷಯ ತಲೆಕೆಳಗಾಗುತ್ತದೆ. "ಟೊಳ್ಳುಗಟ್ಟಿ" 1918ರದು. ಅಂಕ ಗಳಿಸುವ ಪುಟ್ಟು ಟೊಳ್ಳು, ಓದಿನಲ್ಲಿ ಹಿಂದಿದ್ದು ಮನೆಯವರಿಗೆ ಒದಗುವ ಮಾಧು ಗಟ್ಟಿ. ಅಂಕಗಳನ್ನೇ ಗೇಲಿ ಮಾಡುವ ನಾಟಕದ ಮೇಲೆ ಎರಡು ಅಂಕದ ಪ್ರಶ್ನೆ ಕೇಳುವ ನಮ್ಮ ಧೈರ್ಯ ಮೆಚ್ಚಬೇಕಾದ್ದೇ. ಇದರ ತೊಡಕು ಛಂದಸ್ಸಿನದಲ್ಲ, ಆಡುಮಾತಿನದು. ಹಳೆಯ ಮೈಸೂರಿನ ಮನೆಮಾತು, ನಡುನಡುವೆ ಇಂಗ್ಲಿಷ್, ಪದಗಳು ಒಂದಕ್ಕೊಂದು ಅಂಟಿಕೊಂಡು "ಮಕ್ಕಳಿಸ್ಕೂಲ್ ಮನೇಲಲ್ವೇ" ಎಂಬ ಹಾಗೆ. ಪುಸ್ತಕದಲ್ಲಿ ಕಣ್ಣಿಂದ ಓದಿದರೆ ಮಂಗಳೂರಿನ ಮನೆಯ ಮಗುವಿಗೂ ಅಕ್ಕಲಕೋಟೆಯ ಮನೆಯ ಮಗುವಿಗೂ ಒಂದಕ್ಷರ ತಿಳಿಯದು. ಜೋರಾಗಿ ಓದಿದರೆ ಥಟ್ಟನೆ ತಿಳಿಯುತ್ತದೆ, ಏಕೆಂದರೆ ಅವರೂ ದಿನವಿಡೀ ಮಾತಾಡುವುದು ನಾಲ್ಕು ಭಾಷೆ ಬೆರೆತ ಇಂಥದೇ ಅಂಟುಮಾತು. "ಇಸ್ಕೂಲ್" ಎಂಬುದಂತೂ ಮುಂಬೈಯ ಟ್ಯಾಕ್ಸಿಯವರ ಬಾಯಲ್ಲಿ ಇವತ್ತಿಗೂ ಇದೆ.

ಇಲ್ಲಿ ಮಾಡಬೇಕಾದ್ದು ಹೀಗೆ. ಒಂದು ಸಲ ಕೈಲಾಸಂ ಬರೆದಂತೆಯೇ ಓದುವುದು, ಮೈಸೂರಿನವರನ್ನು ಅಣಕಿಸದೆ. ಅಣಕ ಶುರುವಾದರೆ ನಗು ನಾಟಕದ್ದಾಗದೆ ಓದುವವನದ್ದಾಗುತ್ತದೆ. ಆಮೇಲೆ ತರಗತಿಯನ್ನು ಆರಾರು ಜನರ ಗುಂಪು ಮಾಡಿ, ಒಂದೊಂದು ಗುಂಪಿಗೆ ಎರಡು ಪುಟ ಕೊಟ್ಟು, ತಮ್ಮ ಮನೆಯ ಕನ್ನಡಕ್ಕೆ ತಿರುಗಿಸಲು ಹೇಳುವುದು. ಗಡುವು ಒಂದು ಪೀರಿಯಡ್. ತಾಯಿಯ ಮಾತನ್ನು ಒಂದು ಗುಂಪು "ಏನ್ ಮಾಡ್ಲಿಕ್ಕತ್ತೀದಿ" ಎಂದು ತಂದರೆ ಇನ್ನೊಂದು "ಎಂತ ಮಾಡ್ತಾ ಇದ್ದಿ" ಎನ್ನುತ್ತದೆ. ತಿರುಗಿಸುವಾಗ ಕಳೆದುಹೋಗುವುದು ಯಾವುದು ಎಂದು ಕೇಳಿ. ಹೆಚ್ಚಾಗಿ ಕಳೆಯುವುದು ತಂದೆ ಬಳಸುವ ಇಂಗ್ಲಿಷ್ ಪದದ ಗತ್ತು. ಆ ಕಾಲದಲ್ಲಿ ಅದಕ್ಕಿದ್ದ ತೂಕ ಈಗಿಲ್ಲ, ನಮ್ಮಲ್ಲಿ ಎಲ್ಲರೂ ಎಲ್ಲದಕ್ಕೂ ಇಂಗ್ಲಿಷ್ ಹಾಕುತ್ತೇವೆ. ಇದನ್ನು ಮಕ್ಕಳೇ ಕಂಡುಕೊಂಡರೆ ಸಾಮಾಜಿಕ ಹಿನ್ನೆಲೆಯ ಪಾಠ ಬೇರೆ ಮಾಡಬೇಕಿಲ್ಲ.

"ತುಘಲಕ್" ಮಹಾರಾಷ್ಟ್ರದ ಕನ್ನಡ ಮಕ್ಕಳಿಗೆ ದಕ್ಕಿದಷ್ಟು ಬೇರೆಯವರಿಗೆ ದಕ್ಕಲಾರದು. ಕಾರ್ನಾಡರು ಹುಟ್ಟಿದ್ದು ಮಾಥೇರಾನದಲ್ಲಿ ಎಂಬುದನ್ನು ಬಿಡಿ, ಅದು ರಸಪ್ರಶ್ನೆಗೆ ಸರಿ. ಮುಖ್ಯವಾದದ್ದು ದೌಲತಾಬಾದ್. ಸುಲ್ತಾನ 1327ರಲ್ಲಿ ದಿಲ್ಲಿಯಿಂದ ರಾಜಧಾನಿ ಎತ್ತಿ ತಂದದ್ದು ಇಲ್ಲಿಗೆ, ಶಾಲೆಯ ಪಿಕ್ನಿಕ್ಕಿನ ಬಸ್ಸು ವೇರೂಳಕ್ಕೆ (ಎಲ್ಲೋರಕ್ಕೆ) ಹೋಗುವಾಗ ದಾರಿಯಲ್ಲಿ ನಿಲ್ಲಿಸುವ ಅದೇ ಕೋಟೆಗೆ. ಆ ಕೋಟೆಯೊಳಗೆ "ಅಂಧೇರಿ" ಎಂದು ಕರೆಯುವ ಕತ್ತಲ ಸುರಂಗವಿದೆ. ನಾಟಕದ ಎಂಟನೆಯ ದೃಶ್ಯದಲ್ಲಿ ಇಬ್ಬರು ಕಾವಲಿನವರು, ಒಬ್ಬ ಮುದುಕ, ಒಬ್ಬ ಹತ್ತೊಂಬತ್ತರ ಹುಡುಗ, ಕೋಟೆಯ ಗೋಡೆಯ ಮೇಲೆ ನಿಂತು ಮಾತಾಡುತ್ತಾರೆ. ಆ ಸುರಂಗ ಮುದುಕನ ಬಾಯಲ್ಲಿ ಹೆಬ್ಬಾವಾಗುತ್ತದೆ. ನಂತರ ಸುಲ್ತಾನನೇ ಬರುತ್ತಾನೆ, ಹುಡುಗನ ವಯಸ್ಸು ಕೇಳಿ ತನ್ನ ಇಪ್ಪತ್ತೊಂದರ ದಿನಗಳನ್ನು ನೆನೆಯುತ್ತಾನೆ.

ಹದಿಮೂರು ದೃಶ್ಯಗಳ ನಾಟಕವನ್ನು ಪೂರ್ತಿ ಓದಿಸಲು ಕಾಲೇಜಿನಲ್ಲೂ ಪುರಸೊತ್ತಿಲ್ಲ. ಒಂದು, ಎರಡು, ಎಂಟು, ಹದಿಮೂರು ಇಷ್ಟನ್ನು ಪೂರ್ತಿ ಓದಿ, ಉಳಿದವನ್ನು ತಲಾ ಐದು ನಿಮಿಷದ ಕಥೆಯಾಗಿ ಹೇಳಿಸಿ. ಒಂದನೆಯದರಲ್ಲಿ ನ್ಯಾಯಾಲಯದ ಹೊರಗೆ ಜನಜಂಗುಳಿ, ಸಣ್ಣ ಸಣ್ಣ ಮಾತಿನ ಹಲವು ದನಿಗಳು, ನಾಚುವ ಮಕ್ಕಳಿಗೆ ಒಳ್ಳೆಯ ಪ್ರವೇಶ. ಎರಡರಲ್ಲಿ ಚದುರಂಗ. ಎಂಟಕ್ಕೆ ತರಗತಿಯ ಕಿಟಕಿ ಮುಚ್ಚಿ, ದೀಪ ಆರಿಸಿ, ಇಬ್ಬರನ್ನು ಬೆಂಚಿನ ಮೇಲೆ ನಿಲ್ಲಿಸಿದರೆ ಆಯಿತು, ಬೇರೆ ರಂಗಸಜ್ಜಿಕೆ ಬೇಡ. ಮುದುಕನ ಪಾತ್ರವನ್ನು ಗಟ್ಟಿ ದನಿಯ ಹುಡುಗನಿಗೆ ಕೊಡುವುದು ಸಾಮಾನ್ಯ ತಪ್ಪು. ಆ ದೃಶ್ಯದಲ್ಲಿ ಮಾತು ಪಿಸುದನಿಯದು. ಜೋರು ಬೇಕಾದದ್ದು ಒಂದೇ ಕಡೆ, ಬಂದವನು ಯಾರೆಂದು ತಿಳಿಯದೆ ಹುಡುಗ ತಡೆಯುವಾಗ.

ಯಾವ ನಾಟಕವಾದರೂ ಪಾತ್ರ ಹಂಚುವುದರಲ್ಲೇ ಅರ್ಧ ಪಾಠ ಗೆಲ್ಲುತ್ತದೆ ಅಥವಾ ಸೋಲುತ್ತದೆ. ಚೆನ್ನಾಗಿ ಓದುವ ಹುಡುಗಿಗೆ ನಾಯಕನ ಪಾತ್ರ, ಎಲ್ಲ ದಿನವೂ ಅವಳೇ. ಉಳಿದ ಇಪ್ಪತ್ತೊಂಬತ್ತು ಮಂದಿ ಮೂರನೆಯ ದಿನಕ್ಕೆ ಗಣಿತದ ಹೋಮ್‌ವರ್ಕ್ ಬಿಡಿಸುತ್ತಿರುತ್ತಾರೆ. ದೃಶ್ಯಕ್ಕೊಬ್ಬ ಏಕಲವ್ಯ ಇರಲಿ, ಅರ್ಧ ದೃಶ್ಯಕ್ಕೊಬ್ಬನಾದರೂ ಸರಿ. ಆವರಣದೊಳಗಿನ ರಂಗಸೂಚನೆಗಳನ್ನು ಓದಲು ಬೇರೆಯೇ ಒಬ್ಬರು ಬೇಕು. ಇಲ್ಲದಿದ್ದರೆ ಮಕ್ಕಳು "ಕೋಪದಿಂದ" ಎಂಬುದನ್ನೂ ಪಾತ್ರದ ಮಾತಿನ ಜೊತೆ ಕೋಪವಿಲ್ಲದೆ ಓದಿ ಮುಗಿಸುತ್ತಾರೆ. ಅಥವಾ ಅದನ್ನು ಹಾರಿಸಿ, ಯಾರು ಒಳಗೆ ಬಂದರು ಯಾರು ಹೊರಗೆ ಹೋದರು ಎಂಬುದೇ ಗೊತ್ತಾಗದೆ ಪೇಚಾಡುತ್ತಾರೆ.

ನಿಂತು ಓದುವ ಹಂತಕ್ಕೆ ಬಂದಾಗ ಮುಂದಿನ ಎರಡು ಸಾಲು ಬೆಂಚು ಹಿಂದೆ ತಳ್ಳಿ, ನೆಲದ ಮೇಲೆ ಸೀಮೆಸುಣ್ಣದಿಂದ ಉದ್ದ ನಾಲ್ಕು, ಅಗಲ ಮೂರು ಮೀಟರಿನ ಆಯತ ಎಳೆಯಿರಿ. ಎಡಕ್ಕೊಂದು, ಬಲಕ್ಕೊಂದು ಬಾಗಿಲ ಗುರುತು. "ಬೆರಳ್‍ಗೆ ಕೊರಳ್"ನಲ್ಲಿ ಒಂದು ಬಾಗಿಲು ಕಾಡಿನ ಕಡೆಗೆ, ಇನ್ನೊಂದು ಹಸ್ತಿನಾವತಿಯ ಕಡೆಗೆ ಎಂದು ಮೊದಲೇ ಗೊತ್ತು ಮಾಡಿದರೆ ಯಾರು ಎಲ್ಲಿಂದ ಬಂದರು ಎಂಬ ಗೊಂದಲ ಹೋಗುತ್ತದೆ. ಹೆಬ್ಬೆರಳಿನ ಪ್ರಸಂಗಕ್ಕೆ ಕುಂಕುಮದ ನೀರು ಖಂಡಿತ ಬೇಡ. ಕೆಂಪು ಕಂಡ ಕೂಡಲೇ ಮಕ್ಕಳು ನಗುತ್ತಾರೆ. ಬೆನ್ನು ತಿರುಗಿಸಿ ನಿಂತು, ತಿರುಗಿದಾಗ ಮುಷ್ಟಿ ಮುಚ್ಚಿದ್ದರೆ ಸಾಕು. ಡ್ರೆಪರಿಯವರಿಂದ ಮಖಮಲ್ಲಿನ ಅಂಗಿ, ಕಿರೀಟ ಬಾಡಿಗೆಗೆ ತರುವ ಆಸೆಯನ್ನೂ ತಡೆದುಕೊಳ್ಳಿ. ದೊಡ್ಡವರ ಅಳತೆಯ ಕಿರೀಟ ಹದಿಮೂರರ ತಲೆಯ ಮೇಲೆ ಜಾರುತ್ತದೆ, ಹುಡುಗನ ಒಂದು ಕೈ ಸದಾ ಅದಕ್ಕೇ ಮೀಸಲಾಗುತ್ತದೆ.

ಹಕ್ಕುಸ್ವಾಮ್ಯದ ಬಗ್ಗೆ ಶಾಲೆಗಳಲ್ಲಿ ಅನಗತ್ಯ ಹೆದರಿಕೆ ಇದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ಸೆಕ್ಷನ್ ಪ್ರಕಾರ, ಶಾಲೆಯ ಚಟುವಟಿಕೆಯ ಭಾಗವಾಗಿ ವಿದ್ಯಾರ್ಥಿಗಳೂ ಸಿಬ್ಬಂದಿಯೂ ಆಡುವ ನಾಟಕಕ್ಕೆ, ನೋಡುವವರು ಶಾಲೆಯವರು, ಪಾಲಕರು, ಶಾಲೆಗೆ ಸಂಬಂಧಪಟ್ಟವರು ಮಾತ್ರ ಆಗಿದ್ದರೆ, ಅನುಮತಿ ಬೇಕಿಲ್ಲ. ಹೊರಗಿನವರನ್ನು ಕರೆದರೆ, ಟಿಕೆಟ್ ಇಟ್ಟರೆ ಬೇಕು. ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಹಕ್ಕು ಇರುತ್ತದೆ. ಕೈಲಾಸಂ, ಬಿ.ಎಂ.ಶ್ರೀ ಇಬ್ಬರೂ ಹೋದದ್ದು 1946ರಲ್ಲಿ, ಅವರ ನಾಟಕಗಳು 2007ರಿಂದ ಎಲ್ಲರವು. ಕುವೆಂಪು 1994ರಲ್ಲಿ, ಕಾರ್ನಾಡ್ 2019ರಲ್ಲಿ ತೀರಿಕೊಂಡರು. ಅವರ ಕೃತಿಗಳನ್ನು ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲೋ ಮಾಹಿಮದ ಕರ್ನಾಟಕ ಸಂಘದ ಸಭಾಗೃಹದಲ್ಲೋ ಊರವರನ್ನು ಕರೆದು ಆಡುವುದಾದರೆ ಹಕ್ಕುದಾರರಿಗೆ ಪತ್ರ ಬರೆಯಬೇಕು. ಜೊತೆಗೆ ಮಹಾರಾಷ್ಟ್ರದಲ್ಲಿ ಸಾರ್ವಜನಿಕ ಪ್ರಯೋಗಕ್ಕೆ ರಂಗಭೂಮಿ ಪ್ರಯೋಗ ಪರಿನಿರೀಕ್ಷಣ ಮಂಡಳಿಯ ಪ್ರಮಾಣಪತ್ರದ ಕೆಲಸವೂ ಇದೆ. ಕೊನೆಯ ವಾರಕ್ಕೆ ಇಟ್ಟುಕೊಂಡರೆ ಹಾಲ್ ಬುಕ್ ಆಗಿಯೂ ಪರದೆ ಏಳದೆ ಹೋಗಬಹುದು.

ಇನ್ನು ಕನ್ನಡ ಶಾಲೆಯನ್ನೇ ಕಾಣದ ಮಕ್ಕಳು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಭಾನುವಾರ ಒಂದು ಗಂಟೆ ಸಂಘದ ಕನ್ನಡ ವರ್ಗಕ್ಕೆ ಬರುವವರು. ಇವರಿಗೆ ಮನೆಯಲ್ಲಿ ಕನ್ನಡ ಕೇಳಿ ಗೊತ್ತು, ಓದಲು ಬಾರದು. ಅಕ್ಷರಮಾಲೆ ಮುಗಿಸಿ ಕಾಗುಣಿತಕ್ಕೆ ಬರುವಷ್ಟರಲ್ಲಿ ಅರ್ಧ ಮಂದಿ ಬಿಟ್ಟುಹೋಗುತ್ತಾರೆ. ಇಂಥ ವರ್ಗಕ್ಕೆ ನಾಟಕದಷ್ಟು ಒಪ್ಪುವುದು ಬೇರೊಂದಿಲ್ಲ, ಏಕೆಂದರೆ ಅದನ್ನು ಅಕ್ಷರವಿಲ್ಲದೆಯೂ ಕಲಿಯಬಹುದು. ಬಯಲಾಟದವರು ಕಲಿತದ್ದು ಹಾಗೆಯೇ. ಮೂರು ನಿಮಿಷದ ಒಂದು ತುಂಡನ್ನು ಶಿಕ್ಷಕರು ಫೋನಿನಲ್ಲಿ ನಿಧಾನವಾಗಿ ಓದಿ ಕಳಿಸಬೇಕು, ಒಂದೊಂದು ಪಾತ್ರದ ಮಾತು ಒಂದೊಂದು ಬೇರೆ ಫೈಲು. ಒಟ್ಟಿಗೇ ಕಳಿಸಿದರೆ ಮಗು ತನ್ನ ಪಾಲನ್ನು ಹುಡುಕುವ ಗೋಜಿಗೇ ಹೋಗುವುದಿಲ್ಲ.

ಮಕ್ಕಳು ತಮ್ಮ ಮಾತನ್ನು ದೇವನಾಗರಿಯಲ್ಲಿ ಬರೆದುಕೊಳ್ಳುತ್ತಾರೆ, ಬರೆದುಕೊಳ್ಳಲಿ. ಮರಾಠಿ ಕಲಿತವರಿಗೆ ಳಕಾರ ಗೊತ್ತು, ಅಷ್ಟು ಲಾಭ. ಆದರೆ ಆ ಲಿಪಿಯಲ್ಲಿ ಹ್ರಸ್ವ ಎ, ಒ ಬರೆಯುವ ರೂಢಿ ಇಲ್ಲ, ಎಲ್ಲವೂ ದೀರ್ಘದ ಹಾಗೆಯೇ ಕಾಣುತ್ತವೆ, ಮೇಲೆ ಹೇಳಿದ ಎಳೆತ ಅಲ್ಲಿಂದಲೇ ಬರುತ್ತದೆ. ಬರೆದ ತಕ್ಷಣ ಕೆಂಪು ಪೆನ್ನಿನಿಂದ ಹ್ರಸ್ವದ ಮೇಲೆಲ್ಲ ಒಂದು ಚುಕ್ಕಿ ಹಾಕಿಸಿ. ಚುಕ್ಕಿ ಇದ್ದಲ್ಲಿ ಬೇಗ ದಾಟಬೇಕು. ನಾಲ್ಕು ಭಾನುವಾರದಲ್ಲಿ ಮೂರು ನಿಮಿಷದ ದೃಶ್ಯ ಬಾಯಿಗೆ ಬರುತ್ತದೆ. ಐದನೆಯ ಭಾನುವಾರ ಅದೇ ಮಾತನ್ನು ಕನ್ನಡ ಲಿಪಿಯಲ್ಲಿ ಮುಂದಿಟ್ಟರೆ, ಏನು ಬರೆದಿದೆ ಎಂದು ಮೊದಲೇ ಗೊತ್ತಿರುವುದರಿಂದ ಅಕ್ಷರಗಳನ್ನು ತಾವೇ ಗುರುತು ಹಿಡಿಯುತ್ತಾರೆ.

ಪ್ರತಿಗಳದ್ದು ಕೊನೆಯ ತಾಪತ್ರಯ. ಹಳೆಯ ನಾಟಕಗಳು ಬೇಕೆಂದಾಗ ಅಂಗಡಿಯಲ್ಲಿ ಇರುವುದಿಲ್ಲ, ಬೆಂಗಳೂರಿನಿಂದ ತರಿಸಲು ವಾರಗಳೇ ಹಿಡಿಯುತ್ತವೆ, ಜೂನಿನಲ್ಲಿ ಶಾಲೆ ತೆರೆಯುವ ಮೊದಲೇ ಹೇಳಿಡಬೇಕು. ಮೂವತ್ತು ಮಕ್ಕಳಿಗೆ ಹತ್ತು ಪ್ರತಿ ಸಾಕು, ಮೂವರಿಗೊಂದು. ಒಂದೇ ಪುಟಕ್ಕೆ ಮೂರು ತಲೆ ಬಾಗಿದಾಗ ಒಬ್ಬರು ತಪ್ಪಿದ್ದನ್ನು ಇನ್ನಿಬ್ಬರು ತಿದ್ದುತ್ತಾರೆ. ಮಾರ್ಚಿನಲ್ಲಿ ಎಲ್ಲವನ್ನೂ ಎಣಿಸಿ ವಾಪಸು ತೆಗೆದುಕೊಂಡು ಬೀರುವಿನಲ್ಲಿ ಇಡಿ. ಮುಂದಿನ ವರ್ಷದವರಿಗೆ ಕೊಡುವ ಮೊದಲು ಪೆನ್ಸಿಲ್ ಗೆರೆಗಳನ್ನು ಅಳಿಸಲು ಹೋಗಬೇಡಿ. ಹಿಂದಿನ ವರ್ಷದ ಏಕಲವ್ಯ ಎಲ್ಲಿ ಉಸಿರು ತೆಗೆದುಕೊಂಡಿದ್ದ ಎಂಬುದು ಹೊಸಬನಿಗೆ ಅಲ್ಲಿಂದಲೇ ತಿಳಿಯಬೇಕು.